ಮಾತು ನಿಂತಾಗ ಪದಗಳು ಎಲ್ಲಿ ಹೋಗುತ್ತವೆ?

ಪಾರ್ಶ್ವವಾಯುವಿಗೆ ತುತ್ತಾಗಿ ಮಾತು ನಿಂತವರು ನಮ್ಮ ಹೆಚ್ಚಿನ ಧರ್ಮಕೇಂದ್ರಗಳಲ್ಲಿ ಇದ್ದಾರೆ. ವಾರ್ಡಿನ ಗುರಿಕಾರರು, ಸೈಂಟ್ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರು, ರೋಗಿಗಳಿಗೆ ಪರಮ ಪ್ರಸಾದ ಕೊಂಡೊಯ್ಯುವವರು ಅಂಥ ಮನೆಗಳಿಗೆ ಹೋದಾಗ ಬಾಗಿಲಲ್ಲೇ ಒಂದು ಮಾತು ಕೇಳಿಬರುವುದುಂಟು: "ಅವರಿಗೆ ಈಗ ಏನೂ ಗೊತ್ತಾಗುವುದಿಲ್ಲ." ಆ ಮಾತನ್ನು ಒಪ್ಪಿಕೊಂಡ ಮೇಲೆ ಸಂಭಾಷಣೆ ಮನೆಯವರ ಜೊತೆಗೆ ಮಾತ್ರ ನಡೆಯುತ್ತದೆ. ರೋಗಿ ಮಂಚದ ಮೇಲೆ ಎಲ್ಲವನ್ನೂ ನೋಡುತ್ತಾ ಇರುತ್ತಾರೆ. ಔಷಧಿ, ಜಾಗದ ಪತ್ರ, ಮಗಳ ಮದುವೆ ಎಲ್ಲವೂ ಅವರೆದುರೇ, ಅವರನ್ನು ಕೇಳದೆ ತೀರ್ಮಾನವಾಗುತ್ತವೆ.

"ಏನೂ ಗೊತ್ತಾಗುವುದಿಲ್ಲ" ಎಂಬ ಮಾತು ಎಷ್ಟರ ಮಟ್ಟಿಗೆ ನಿಜ? ಮಾತು ಬಾರದಿದ್ದಾಗ ಪದಗಳು ಅಳಿಸಿಹೋಗಿವೆಯೇ, ಅಥವಾ ಅವು ಇದ್ದೂ ಕೈಗೆ ಸಿಗುತ್ತಿಲ್ಲವೇ? ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು ಇದೇ ಪ್ರಶ್ನೆಗೆ ಕಂಪ್ಯೂಟರಿನ ಸಹಾಯದಿಂದ ಉತ್ತರ ಹುಡುಕಿದ್ದಾರೆ. ಮಿದುಳು ಪದಗಳನ್ನು ಹೇಗೆ ಇಟ್ಟುಕೊಳ್ಳುತ್ತದೆ, ಬೇಕಾದಾಗ ಹೇಗೆ ಹೊರತೆಗೆಯುತ್ತದೆ ಎಂಬುದನ್ನು ಅನುಕರಿಸುವ ಮಾದರಿಗಳನ್ನು ಅವರು ಕಟ್ಟಿದ್ದಾರೆ. ಈ ಮಾದರಿಗಳು ತಿಳಿಸುವ ಸಂಗತಿಗಳು ರೋಗಿಗಳನ್ನು ಕಾಣಲು ಹೋಗುವ ನಮಗೆಲ್ಲ ಉಪಯುಕ್ತವಾಗಿವೆ.

ನಿಘಂಟಿನಂತೆ ಅಲ್ಲ

ವಯಸ್ಕನೊಬ್ಬನಿಗೆ ಹತ್ತಾರು ಸಾವಿರ ಪದಗಳು ಗೊತ್ತಿರುತ್ತವೆ. ಸಾಮಾನ್ಯ ಮಾತುಕತೆಯಲ್ಲಿ ಸೆಕೆಂಡಿಗೆ ಎರಡು ಮೂರು ಪದಗಳನ್ನು ನಾವು ಆ ಭಂಡಾರದಿಂದ ಹೊರತೆಗೆಯುತ್ತೇವೆ. ಒಂದು ಚಿತ್ರ ತೋರಿಸಿ "ಇದೇನು?" ಎಂದು ಕೇಳಿದರೆ ಉತ್ತರ ಬಾಯಿಂದ ಹೊರಡಲು ಸುಮಾರು 0.6 ಸೆಕೆಂಡು ಸಾಕು. ಅಷ್ಟರೊಳಗೆ ಕಣ್ಣು ಚಿತ್ರವನ್ನು ಗುರುತಿಸಿ, ಅರ್ಥ ಹೊಳೆದು, ತಕ್ಕ ಪದ ಆಯ್ಕೆಯಾಗಿ, ಅದರ ಧ್ವನಿಗಳು ಸಾಲಾಗಿ ಜೋಡಣೆಯಾಗಿ, ನಾಲಿಗೆ ತುಟಿಗಳಿಗೆ ಆಜ್ಞೆ ಹೋಗಿರುತ್ತದೆ. ಅಷ್ಟಾದರೂ ಆರೋಗ್ಯವಂತರ ಮಾತಿನಲ್ಲಿ ಸಾವಿರ ಪದಗಳಿಗೆ ಒಂದೋ ಎರಡೋ ತಪ್ಪುಗಳಾಗುತ್ತವೆ, ಅಷ್ಟೆ.

ಈ ಭಂಡಾರವು ಅ ಆ ಇ ಈ ಕ್ರಮದಲ್ಲಿ ಜೋಡಿಸಿದ ನಿಘಂಟಿನಂತೆ ಇದ್ದರೆ ಇಷ್ಟು ವೇಗ ಸಾಧ್ಯವಿಲ್ಲ. ನಿಘಂಟಿನಲ್ಲಿ ಹುಡುಕಬೇಕಾದರೆ ಪದದ ಮೊದಲ ಅಕ್ಷರ ಮೊದಲೇ ಗೊತ್ತಿರಬೇಕು. ಮಾತನಾಡುವಾಗಲಾದರೋ ನಮ್ಮಲ್ಲಿ ಮೊದಲು ಇರುವುದು ಅರ್ಥ. ಅಕ್ಷರ ಆಮೇಲೆ ಬರಬೇಕು.

"ನಾಲಿಗೆಯ ತುದಿಯಲ್ಲಿದೆ, ಬಾಯಿಗೆ ಬರುತ್ತಿಲ್ಲ" ಎಂದು ಹೇಳದವರು ಯಾರಿದ್ದಾರೆ? ಈ ಅನುಭವವನ್ನೇ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್ ಎಂಬ ಅಮೆರಿಕದ ವಿಜ್ಞಾನಿಗಳು ಪರೀಕ್ಷೆಗೆ ಒಳಪಡಿಸಿ 1966ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಪರೂಪದ ಪದಗಳ ಅರ್ಥವನ್ನು ವಿದ್ಯಾರ್ಥಿಗಳಿಗೆ ಓದಿ ಹೇಳಿ, ಪದ ಯಾವುದೆಂದು ಕೇಳಿದರು. ಪದ ನಾಲಿಗೆಯ ತುದಿಯಲ್ಲಿ ಸಿಕ್ಕಿಕೊಂಡವರು ಅದರ ಮೊದಲ ಅಕ್ಷರವನ್ನೂ ಅದರಲ್ಲಿ ಎಷ್ಟು ಉಚ್ಚಾರಖಂಡಗಳಿವೆ ಎಂಬುದನ್ನೂ ಬಹಳ ಸಲ ಸರಿಯಾಗಿ ಹೇಳಿದರು. ಪದ ಮರೆತಿರಲಿಲ್ಲ, ಅರ್ಥ ಪೂರ್ತಿಯಾಗಿ, ಧ್ವನಿ ಅರ್ಧಂಬರ್ಧ ಸಿಕ್ಕಿತ್ತು. ಅರ್ಥವನ್ನು ಹಿಡಿಯುವುದು ಒಂದು ಮೆಟ್ಟಿಲು, ಧ್ವನಿಯನ್ನು ತರುವುದು ಇನ್ನೊಂದು ಮೆಟ್ಟಿಲು ಎಂಬುದು ಇದರಿಂದ ತಿಳಿಯುತ್ತದೆ. ಮುಂದಿನ ಎಲ್ಲ ಮಾದರಿಗಳಿಗೂ ಈ ಸಂಗತಿ ಮುಖ್ಯವಾಯಿತು.

ಸ್ಥಳ ತಿಳಿಯಿತು, ಕೆಲಸ ತಿಳಿಯಲಿಲ್ಲ

ಮಾತಿಗೂ ಮಿದುಳಿನ ನಿರ್ದಿಷ್ಟ ಭಾಗಗಳಿಗೂ ಸಂಬಂಧವಿದೆ ಎಂಬುದು ಹತ್ತೊಂಬತ್ತನೆಯ ಶತಮಾನದಲ್ಲೇ ಗೊತ್ತಾಗಿತ್ತು. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ ಅವರು ಲೆಬೋರ್ನ್ಯ್ ಎಂಬ ರೋಗಿಯ ಮಿದುಳನ್ನು ಆತನ ಮರಣಾನಂತರ ಪರೀಕ್ಷಿಸಿದರು. ಆತ ಅನೇಕ ವರ್ಷಗಳಿಂದ ಹೆಚ್ಚುಕಡಿಮೆ "ತಾನ್" ಎಂಬ ಒಂದೇ ಶಬ್ದವನ್ನು ಉಚ್ಚರಿಸುತ್ತಿದ್ದ. ಆದರೆ ಇತರರು ಹೇಳಿದ್ದು ಬಹಳಷ್ಟು ಆತನಿಗೆ ತಿಳಿಯುತ್ತಿತ್ತು. ಮಿದುಳಿನ ಎಡಭಾಗದ ಮುಂದುಗಡೆ ಹಾನಿ ಕಂಡುಬಂತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಅವರು ಬೇರೆ ಬಗೆಯ ರೋಗಿಗಳನ್ನು ವಿವರಿಸಿದರು. ಇವರು ಸಲೀಸಾಗಿ ಮಾತನಾಡುತ್ತಿದ್ದರು. ಆದರೆ ಪದಗಳು ತಪ್ಪಾಗಿ ಬರುತ್ತಿದ್ದವು, ಕೇಳಿದ ಮಾತನ್ನು ಗ್ರಹಿಸಲು ಕಷ್ಟವಾಗುತ್ತಿತ್ತು. ಇವರ ಹಾನಿ ಎಡ ಕಪೋಲದ ಹಿಂಭಾಗದಲ್ಲಿತ್ತು.

ಮಿದುಳಿನ ಹಾನಿಯಿಂದ ಭಾಷೆಗೆ ಬರುವ ಈ ತೊಂದರೆಯನ್ನು ವೈದ್ಯರು ಅಫೇಸಿಯಾ ಎನ್ನುತ್ತಾರೆ. ಪಾರ್ಶ್ವವಾಯು ತಗಲಿದವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಆರಂಭದಲ್ಲಿ ಇದು ಇರುತ್ತದೆ. ನಾಲಿಗೆ, ತುಟಿಗಳ ಸ್ನಾಯು ದುರ್ಬಲವಾಗಿ ಮಾತು ತೊದಲುವುದು ಬೇರೆ ತೊಂದರೆ. ಎರಡೂ ಒಟ್ಟಿಗೆ ಇರುವುದೂ ಉಂಟು.

ಬ್ರೋಕಾ ಮತ್ತು ವೆರ್ನಿಕೆ ಅವರಿಂದ ಹಾನಿ ಎಲ್ಲಿ ಆಯಿತು ಎಂಬುದು ತಿಳಿಯಿತು. ಆದರೆ ಅಲ್ಲಿ ಕೆಲಸ ಹೇಗೆ ನಡೆಯುತ್ತದೆ? ರೋಗಿ "ಚಮಚ" ಎನ್ನಬೇಕಾದಲ್ಲಿ "ಬಟ್ಟಲು" ಎಂದೇಕೆ ಹೇಳುತ್ತಾನೆ? ಬೆಳಿಗ್ಗೆ ಬಂದ ಪದ ಸಂಜೆ ಬಾರದಿರುವುದು ಯಾಕೆ? ಇದಕ್ಕೆ ನಕ್ಷೆ ಸಾಲದು, ಕೆಲಸ ಮಾಡಿ ತೋರಿಸುವ ಯಂತ್ರ ಬೇಕು. ಕಂಪ್ಯೂಟರ್ ಮಾದರಿಗಳು ಹುಟ್ಟಿದ್ದು ಇದಕ್ಕಾಗಿ.

ಕೊಡ ತುಂಬಿದಂತೆ

1969ರಲ್ಲಿ ಬ್ರಿಟನ್ನಿನ ಜಾನ್ ಮಾರ್ಟನ್ ಅವರು ಒಂದು ಸರಳ ಕಲ್ಪನೆಯನ್ನು ಮುಂದಿಟ್ಟರು. ಅದನ್ನು ನಮ್ಮ ಮಾತಿನಲ್ಲಿ ಹೀಗೆ ವಿವರಿಸಬಹುದು. ಪ್ರತಿಯೊಂದು ಪದವೂ ಒಂದೊಂದು ಕೊಡ. ಕೇಳಿದ ಧ್ವನಿ, ನೋಡಿದ ಅಕ್ಷರ, ಸಂದರ್ಭ ಇವೆಲ್ಲ ಆ ಕೊಡಕ್ಕೆ ನೀರು ಹಾಕುತ್ತವೆ. ಯಾವ ಕೊಡ ಮೊದಲು ತುಂಬುತ್ತದೋ ಆ ಪದ ನಮಗೆ ಹೊಳೆಯುತ್ತದೆ. ದಿನನಿತ್ಯ ಬಳಸುವ ಪದಗಳ ಕೊಡ ಚಿಕ್ಕದು, ಬೇಗ ತುಂಬುತ್ತದೆ. ಅಪರೂಪದ ಪದಗಳದ್ದು ದೊಡ್ಡದು. ಬಳಕೆಯಲ್ಲಿರುವ ವಸ್ತುಗಳ ಹೆಸರನ್ನು ಜನರು ಬೇಗ ಹೇಳುತ್ತಾರೆ, ಅಪರೂಪದವುಗಳ ಹೆಸರಿಗೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ ಎಂಬುದು 1965ರ ಹೊತ್ತಿಗೇ ಪ್ರಯೋಗಗಳಿಂದ ತಿಳಿದಿತ್ತು. ಮಾರ್ಟನ್ ಅವರ ಮಾದರಿ ಅದಕ್ಕೆ ಕಾರಣ ಒದಗಿಸಿತು.

ಕೊಡಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇರುತ್ತವೆಯೇ? ಇಲ್ಲ ಎಂದು 1971ರಲ್ಲಿ ಡೇವಿಡ್ ಮೇಯರ್ ಮತ್ತು ರೋಜರ್ ಶ್ವಾನೆವೆಲ್ಟ್ ತೋರಿಸಿದರು. "ಬ್ರೆಡ್" ಎಂಬ ಪದವನ್ನು ನೋಡಿದವರು ಅದರ ಜೊತೆ ಬಂದ "ಬಟರ್" ಪದವನ್ನು ಬೇಗ ಗುರುತಿಸಿದರು. "ನರ್ಸ್" ನೋಡಿದವರಿಗೆ ಅದೇ "ಬಟರ್" ಗುರುತಿಸಲು ಸ್ವಲ್ಪ ಹೆಚ್ಚು ಸಮಯ ಬೇಕಾಯಿತು. ಒಂದು ಪದ ಎಚ್ಚರಗೊಂಡರೆ ಅದರ ನೆರೆಹೊರೆಯ ಪದಗಳೂ ಅರೆ ಎಚ್ಚರಗೊಳ್ಳುತ್ತವೆ ಎಂದು ಇದರ ಅರ್ಥ. 1975ರಲ್ಲಿ ಅಲನ್ ಕಾಲಿನ್ಸ್ ಮತ್ತು ಎಲಿಜಬೆತ್ ಲಾಫ್ಟಸ್ ಅವರು ಪದಗಳ ಜಗತ್ತನ್ನು ಒಂದು ಬಲೆಯಾಗಿ ಕಲ್ಪಿಸಿದರು. ಬಲೆಯ ಒಂದು ಗಂಟನ್ನು ಎಳೆದರೆ ಹತ್ತಿರದ ಗಂಟುಗಳು ಹೆಚ್ಚು, ದೂರದವು ಕಡಿಮೆ ಅಲುಗಾಡುತ್ತವೆ. "ದೋಣಿ" ಎಂದರೆ "ಬಲೆ", "ಮೀನು", "ಕಡಲು" ಎಲ್ಲವೂ ಸ್ವಲ್ಪ ಸ್ವಲ್ಪ ಅಲುಗಾಡುತ್ತವೆ.

"ಇಲಿ" ಎನ್ನಬೇಕಾದಲ್ಲಿ "ಹುಲಿ"

ರೋಗಿಗಳ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದದ್ದು ಅಮೆರಿಕದ ಗ್ಯಾರಿ ಡೆಲ್ ಅವರ ಮಾದರಿ. 1986ರಲ್ಲಿ ಅವರು ಇದರ ಮೂಲರೂಪವನ್ನು ಪ್ರಕಟಿಸಿದರು. ಇದರಲ್ಲಿ ಮೂರು ಅಂತಸ್ತುಗಳಿವೆ. ಮೇಲಿನದು ಅರ್ಥದ ಅಂತಸ್ತು, ನಡುವಿನದು ಪದಗಳದ್ದು, ಕೆಳಗಿನದು ಧ್ವನಿಗಳದ್ದು. ಅಂತಸ್ತುಗಳ ನಡುವೆ ಎರಡೂ ಕಡೆಗೆ ಹರಿಯುವ ತಂತಿಗಳಿವೆ.

ಇಲಿಯ ಚಿತ್ರವೊಂದನ್ನು ನೋಡಿದಿರಿ ಎಂದುಕೊಳ್ಳಿ. ಪ್ರಾಣಿ, ನಾಲ್ಕು ಕಾಲು, ಬಾಲ, ಸಣ್ಣದು ಎಂಬ ಅರ್ಥದ ಗಂಟುಗಳು ಎಚ್ಚರಗೊಳ್ಳುತ್ತವೆ. ಅವುಗಳಿಂದ "ಇಲಿ"ಗೆ ಹೆಚ್ಚು ಶಕ್ತಿ ಹರಿಯುತ್ತದೆ. ಆದರೆ "ಬೆಕ್ಕು", "ಹುಲಿ" ಕೂಡ ಪ್ರಾಣಿಗಳಾದ್ದರಿಂದ ಅವಕ್ಕೂ ಸ್ವಲ್ಪ ಹರಿಯುತ್ತದೆ. "ಇಲಿ"ಯಿಂದ ಶಕ್ತಿ ಧ್ವನಿಗಳಿಗೆ ಇಳಿಯುತ್ತದೆ. ಆ ಧ್ವನಿಗಳಿಂದ ಅದು ಮತ್ತೆ ಮೇಲಕ್ಕೆ ಹರಿದು, ಅದೇ ಧ್ವನಿಯುಳ್ಳ "ಎಲೆ", "ಹುಲಿ" ಪದಗಳನ್ನು ಮುಟ್ಟುತ್ತದೆ. ಕೊನೆಗೆ ಯಾವ ಪದಕ್ಕೆ ಹೆಚ್ಚು ಶಕ್ತಿ ಸೇರಿದೆಯೋ ಅದು ಆಯ್ಕೆಯಾಗುತ್ತದೆ. ಆರೋಗ್ಯವಂತ ಮಿದುಳಿನಲ್ಲಿ ಹೆಚ್ಚುಕಡಿಮೆ ಯಾವಾಗಲೂ "ಇಲಿ"ಯೇ ಗೆಲ್ಲುತ್ತದೆ.

ಈಗ ತಂತಿಗಳು ದುರ್ಬಲವಾದವು ಎನ್ನೋಣ. ಆಗ ತಪ್ಪುಗಳು ಹೇಗೆ ಬೇಕೋ ಹಾಗೆ ಬರುವುದಿಲ್ಲ, ಅವುಗಳಿಗೊಂದು ಕ್ರಮವಿದೆ. "ಬೆಕ್ಕು" ಎಂದರೆ ಅರ್ಥದ ನೆರೆಯವರು ಗೆದ್ದರು. "ಎಲೆ" ಎಂದರೆ ಧ್ವನಿಯ ನೆರೆಯವರು ಗೆದ್ದರು. "ಹುಲಿ" ಎಂದರೆ ಎರಡೂ ಕಡೆಯಿಂದ ಬೆಂಬಲ ಪಡೆದ ಪದ ಗೆದ್ದಿತು. "ಇಪಿ" ಎಂಬಂಥ ಅರ್ಥವಿಲ್ಲದ ಶಬ್ದ ಬಂದರೆ ಪದ ಸರಿಯಾಗಿಯೇ ಆಯ್ಕೆಯಾಗಿ, ಧ್ವನಿ ಜೋಡಣೆಯಲ್ಲಿ ಎಡವಟ್ಟಾಗಿರಬಹುದು.

1997ರಲ್ಲಿ ಡೆಲ್ ಮತ್ತು ಅವರ ಸಹೋದ್ಯೋಗಿಗಳು 21 ಮಂದಿ ಅಫೇಸಿಯಾ ರೋಗಿಗಳನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. 175 ಚಿತ್ರಗಳಿಗೆ ರೋಗಿಗಳು ಹೇಳಿದ ಹೆಸರುಗಳನ್ನು ಬಗೆಬಗೆಯಾಗಿ ವಿಂಗಡಿಸಿದರು. ಆಮೇಲೆ ಆರೋಗ್ಯವಂತರಂತೆ ಮಾತನಾಡುವ ಕಂಪ್ಯೂಟರ್ ಮಾದರಿಯಲ್ಲಿ ಎರಡೇ ಎರಡು ತಿರುಪುಗಳನ್ನು ತಿರುಗಿಸಿದರು: ತಂತಿಗಳ ಬಲ ಎಷ್ಟು, ಎಚ್ಚರಗೊಂಡದ್ದು ಎಷ್ಟು ಬೇಗ ಆರಿಹೋಗುತ್ತದೆ. ಇಷ್ಟರಿಂದಲೇ ಒಬ್ಬೊಬ್ಬ ರೋಗಿಯ ತಪ್ಪುಗಳ ಪ್ರಮಾಣವನ್ನು ಮಾದರಿಯು ಬಹಳ ಮಟ್ಟಿಗೆ ಹಾಗೆಯೇ ತೋರಿಸಿತು. ಮಾದರಿಯ ಭಂಡಾರದಿಂದ ಒಂದು ಪದವನ್ನೂ ಅವರು ಅಳಿಸಿರಲಿಲ್ಲ. ಪದಗಳು ಎಲ್ಲವೂ ಇದ್ದವು. ದಾರಿ ಮಾತ್ರ ಕೆಟ್ಟಿತ್ತು.

ಎಲ್ಲ ರೋಗಿಗಳೂ ಈ ಮಾದರಿಗೆ ಸರಿಹೊಂದಲಿಲ್ಲ. 2000ದಲ್ಲಿ ಡ್ಯಾನ್ ಫೊಯ್ಗೆಲ್ ಮತ್ತು ಡೆಲ್ ಅದನ್ನು ತಿದ್ದಿ, ಅರ್ಥದಿಂದ ಪದಕ್ಕೆ ಹೋಗುವ ತಂತಿಗಳ ಬಲ, ಪದದಿಂದ ಧ್ವನಿಗೆ ಹೋಗುವ ತಂತಿಗಳ ಬಲ ಎಂದು ತಿರುಪುಗಳನ್ನು ಬದಲಿಸಿದರು. ಇನ್ನೊಂದು ಕಡೆ ನೆದರ್ಲೆಂಡ್ಸಿನ ವಿಲೆಮ್ ಲೆವೆಲ್ಟ್ ಮತ್ತು ಸಂಗಡಿಗರು 1999ರಲ್ಲಿ ಬೇರೆಯೇ ಮಾದರಿಯನ್ನು ಮಂಡಿಸಿದರು. ಅದರಲ್ಲಿ ಪದ ಆಯ್ಕೆಯಾಗುವಾಗ ಶಕ್ತಿ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ, ಧ್ವನಿಯಿಂದ ಪದಕ್ಕೆ ಹಿಂದಿರುಗುವುದಿಲ್ಲ. ಈ ವಿಷಯದಲ್ಲಿ ಎರಡು ಪಂಗಡಗಳ ನಡುವೆ ಬಹಳ ವಾದ ನಡೆದಿದೆ. ಆದರೆ ಅರ್ಥವನ್ನು ಹಿಡಿಯುವುದು, ಧ್ವನಿಯನ್ನು ತರುವುದು ಎರಡು ಬೇರೆ ಹಂತಗಳು ಎಂಬುದರಲ್ಲಿ ಅವರಿಗೆ ಭಿನ್ನಾಭಿಪ್ರಾಯವಿಲ್ಲ.

ಇದರಿಂದ ನಾವು ಅರಿಯಬೇಕಾದದ್ದು ಇಷ್ಟು. "ಚಹಾ" ಬೇಕಾಗಿ "ನೀರು" ಎಂದು ಹೇಳಿ, ನೀರು ತಂದುಕೊಟ್ಟಾಗ ಸಿಟ್ಟಾಗುವ ರೋಗಿಗೆ ಬುದ್ಧಿ ಕೆಟ್ಟಿಲ್ಲ. ತನಗೆ ಬೇಕಾದದ್ದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿದೆ. ನೆರೆಯ ಪದವೊಂದು ಓಟದಲ್ಲಿ ಗೆದ್ದುಬಿಟ್ಟಿದೆ. ಮಕ್ಕಳ ಹೆಸರು ಕರೆಯುವಾಗ ಒಬ್ಬರ ಬದಲಿಗೆ ಇನ್ನೊಬ್ಬರ ಹೆಸರು ನಮ್ಮ ಬಾಯಿಗೆ ಬರುವುದಿಲ್ಲವೇ? ಅದೂ ಇದೇ ಬಗೆಯ ತಪ್ಪು. ನಮಗೆ ಅಪರೂಪವಾಗಿ ಆಗುವುದು ಅವರಿಗೆ ವಾಕ್ಯಕ್ಕೊಮ್ಮೆ ಆಗುತ್ತದೆ.

ಭಂಡಾರವೇ ಸವೆಯುವ ಕಾಯಿಲೆಯೂ ಇದೆ

ಹಾಗೆಂದು ಮಾತು ತಪ್ಪಿದ ಎಲ್ಲರ ಸ್ಥಿತಿಯೂ ಒಂದೇ ಎಂದು ತಿಳಿಯಬಾರದು. ಕೆಲವು ಬಗೆಯ ಅಫೇಸಿಯಾದಲ್ಲಿ ಇತರರ ಮಾತನ್ನು ಗ್ರಹಿಸುವುದೂ ಕಷ್ಟ. ಅಲ್ಲದೆ ಸಿಮ್ಯಾಂಟಿಕ್ ಡಿಮೆನ್ಶಿಯಾ ಎಂಬ ಬೇರೆ ಕಾಯಿಲೆಯಲ್ಲಿ ಅರ್ಥದ ಭಂಡಾರವೇ ನಿಧಾನವಾಗಿ ಸವೆಯುತ್ತದೆ. ಅಂಥವರಿಗೆ ಹೆಸರು ಮಾತ್ರವಲ್ಲ, ಆ ವಸ್ತು ಏನು, ಯಾತಕ್ಕೆ ಬಳಸುತ್ತಾರೆ ಎಂಬುದೂ ಮರೆಯುತ್ತಾ ಹೋಗುತ್ತದೆ.

2004ರಲ್ಲಿ ಟಿಮೊತಿ ರೋಜರ್ಸ್ ಮತ್ತು ಸಂಗಡಿಗರು ಇದಕ್ಕೂ ಒಂದು ಕಂಪ್ಯೂಟರ್ ಮಾದರಿಯನ್ನು ರಚಿಸಿದರು. ವಸ್ತುವಿನ ರೂಪ, ಹೆಸರು, ವಿವರಣೆ ಎಲ್ಲವೂ ಕೂಡುವ ಒಂದು ಜಂಕ್ಷನ್ ಅದರಲ್ಲಿತ್ತು. ಆ ಜಂಕ್ಷನನ್ನು ಸ್ವಲ್ಪಸ್ವಲ್ಪವೇ ಹಾಳುಮಾಡಿದಾಗ ಸೂಕ್ಷ್ಮ ವ್ಯತ್ಯಾಸಗಳು ಮೊದಲು ಅಳಿದವು, ಸಾಮಾನ್ಯ ಗುರುತುಗಳು ಕೊನೆಯವರೆಗೆ ಉಳಿದವು. ರೋಗಿಗಳಲ್ಲೂ ಹೀಗೆಯೇ ಆಗುತ್ತದೆ: ಅಪರೂಪದ ಹಕ್ಕಿಯ ಹೆಸರು ಹೋಗಿ "ಹಕ್ಕಿ" ಉಳಿಯುತ್ತದೆ, ಆಮೇಲೆ ಅದೂ ಹೋಗಿ "ಪ್ರಾಣಿ" ಉಳಿಯುತ್ತದೆ. ಮಿದುಳಿನಲ್ಲಿ ಈ ಜಂಕ್ಷನ್ ಕಪೋಲದ ಒಳಭಾಗದ ಮುಂತುದಿಯಲ್ಲಿದೆ ಎಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ.

ಪದಗಳ ಅರ್ಥ ಒಂದೇ ಮೂಲೆಯಲ್ಲಿ ಕೂಡಿಟ್ಟಿಲ್ಲ ಎಂಬುದಕ್ಕೆ ಸ್ಕ್ಯಾನಿಂಗ್ ಯಂತ್ರಗಳೂ ಸಾಕ್ಷಿ ನುಡಿದಿವೆ. 2016ರಲ್ಲಿ ಕ್ಯಾಲಿಫೋರ್ನಿಯಾದ ಅಲೆಕ್ಸಾಂಡರ್ ಹತ್, ಜ್ಯಾಕ್ ಗ್ಯಾಲಂಟ್ ಮತ್ತು ಸಂಗಡಿಗರು ಏಳು ಮಂದಿಗೆ ಎರಡು ಗಂಟೆಗೂ ಹೆಚ್ಚು ಕಾಲ ಕಥೆ ಕೇಳಿಸಿ, ಯಾವ ಬಗೆಯ ಪದಕ್ಕೆ ಮಿದುಳಿನ ಯಾವ ಜಾಗ ಪ್ರತಿಕ್ರಿಯಿಸುತ್ತದೆ ಎಂದು ಗುರುತಿಸಿದರು. ಎಡ ಬಲ ಎರಡೂ ಬದಿಗಳಲ್ಲಿ ವಿಶಾಲವಾಗಿ ಹರಡಿದ ನಕ್ಷೆ ದೊರೆಯಿತು. ಪಾರ್ಶ್ವವಾಯು ಒಂದು ಕಡೆ ಘಾಸಿ ಮಾಡಿದರೂ ಅರ್ಥದ ಬಹುಪಾಲು ಉಳಿಯುವುದು ಯಾಕೆಂದು ಇದರಿಂದ ಊಹಿಸಬಹುದು.

ಮೂರು ನಾಲ್ಕು ಭಾಷೆಯವರ ವಿಷಯ

ಕರಾವಳಿಯ ನಮಗೆ ಇನ್ನೊಂದು ಪ್ರಶ್ನೆಯಿದೆ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆ ಕಚೇರಿಗಳಲ್ಲಿ ಕನ್ನಡ, ಜೊತೆಗೆ ಇಂಗ್ಲಿಷ್. ಒಂದೇ ತೆಂಗಿನಕಾಯಿ ಕೊಂಕಣಿಯಲ್ಲಿ "ನಾರ್ಲ್", ತುಳುವಿನಲ್ಲಿ "ತಾರಾಯಿ". ಈ ಪದಗಳು ಬೇರೆ ಬೇರೆ ಕಪಾಟುಗಳಲ್ಲಿ ಇರುತ್ತವೆಯೇ?

1998ರಲ್ಲಿ ಟನ್ ಡೈಕ್‌ಸ್ಟ್ರಾ ಮತ್ತು ವಾಲ್ಟರ್ ವಾನ್ ಹ್ಯೂವೆನ್ ಅವರು ವಿವರಿಸಿದ ಮಾದರಿಯ ಪ್ರಕಾರ ಎರಡು ಭಾಷೆಗಳ ಪದಗಳು ಒಂದೇ ಬಲೆಯಲ್ಲಿರುತ್ತವೆ. ಒಂದು ಭಾಷೆಯನ್ನು ಓದುವಾಗ ಇನ್ನೊಂದು ಭಾಷೆಯ ಪದಗಳೂ ಎಚ್ಚರಗೊಂಡು ಪೈಪೋಟಿಗೆ ಇಳಿಯುತ್ತವೆ. ಅದೇ ವರ್ಷ ಬ್ರಿಟನ್ನಿನ ಡೇವಿಡ್ ಗ್ರೀನ್ ಅವರು, ಬೇಡದ ಭಾಷೆಯನ್ನು ಅದುಮಿ ಹಿಡಿಯುವ ಒಂದು ನಿಯಂತ್ರಣ ಇರಬೇಕೆಂದು ವಾದಿಸಿದರು. ಪಾರ್ಶ್ವವಾಯುವಿನ ನಂತರ ಈ ನಿಯಂತ್ರಣ ಸಡಿಲವಾದರೆ ರೋಗಿಯು ಕನ್ನಡದಲ್ಲಿ ಕೇಳಿದ್ದಕ್ಕೆ ತುಳುವಿನಲ್ಲಿ ಉತ್ತರಿಸಬಹುದು, ಭಾಷೆಗಳನ್ನು ಬೆರೆಸಬಹುದು. ಇದನ್ನು ಅರಳುಮರಳು ಎಂದು ಭಾವಿಸಬಾರದು. ಪದ ಯಾವ ಭಾಷೆಯಲ್ಲಿ ಬಂದರೂ ಸ್ವೀಕರಿಸಬೇಕು.

ಮಾತು ಮರಳುವಾಗ ಹೆಚ್ಚಿನವರಲ್ಲಿ ಎಲ್ಲ ಭಾಷೆಗಳೂ ಒಟ್ಟೊಟ್ಟಿಗೆ ಸುಧಾರಿಸುತ್ತವೆ. ಕೆಲವರಲ್ಲಿ ತಾಯ್ನುಡಿ ಮೊದಲು, ಇನ್ನು ಕೆಲವರಲ್ಲಿ ಕಾಯಿಲೆಗೆ ಮುಂಚೆ ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಬರುತ್ತದೆ. ಆದ್ದರಿಂದ ರೋಗಿಯು ಯಾರೊಡನೆ ಯಾವ ಭಾಷೆ ಆಡುತ್ತಿದ್ದರು ಎಂಬುದನ್ನು ಮನೆಯವರು ಚಿಕಿತ್ಸಕರಿಗೆ ತಿಳಿಸುವುದು ಅಗತ್ಯ.

ನಮ್ಮ ದೇಶದಲ್ಲೇ ನಡೆದ ಒಂದು ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಹೈದರಾಬಾದಿನಲ್ಲಿ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 648 ಮಂದಿ ಡಿಮೆನ್ಶಿಯಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ನೀಡಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. 2016ರಲ್ಲಿ ಅವರು 608 ಪಾರ್ಶ್ವವಾಯು ರೋಗಿಗಳ ವಿಷಯವನ್ನು ಪ್ರಕಟಿಸಿದರು. ಬಹುಭಾಷಿಗಳಲ್ಲಿ ಸುಮಾರು 40 ಶೇಕಡಾ ಮಂದಿಯ ಬುದ್ಧಿಶಕ್ತಿ ಮಾಮೂಲಿಯಾಗಿ ಉಳಿದಿತ್ತು. ಒಂದೇ ಭಾಷೆಯವರಲ್ಲಿ ಈ ಪ್ರಮಾಣ ಸುಮಾರು 20 ಶೇಕಡಾ. ಆದರೆ ಅಫೇಸಿಯಾದ ಪ್ರಮಾಣದಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಬಹುಭಾಷೆಯ ಪ್ರಯೋಜನದ ಬಗ್ಗೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಏಕಾಭಿಪ್ರಾಯವಿಲ್ಲ ಎಂಬುದನ್ನೂ ಹೇಳಬೇಕು.

ಮಾತು ಬಾರದವರು ಜಪಸರ ಹೇಳುವುದು ಹೇಗೆ?

ತಮ್ಮ ಮಗನ ಹೆಸರು ಹೇಳಲಾಗದ ರೋಗಿ ಜಪಸರದ ಹೊತ್ತಿಗೆ ಪ್ರಾರ್ಥನೆಯನ್ನು ಸಲೀಸಾಗಿ ಹೇಳಿದ್ದನ್ನು, ಹಳೆಯ ಭಕ್ತಿಗೀತೆಗೆ ದನಿಗೂಡಿಸಿದ್ದನ್ನು ಕಂಡು ಮನೆಯವರು ಬೆರಗಾಗುವುದುಂಟು. "ಬೇಕೆಂದೇ ನಮ್ಮೊಡನೆ ಮಾತನಾಡುವುದಿಲ್ಲ" ಎಂದು ಬೇಸರಿಸುವವರೂ ಇದ್ದಾರೆ. ಇದು ತಪ್ಪು ತಿಳಿವಳಿಕೆ. ಬ್ರಿಟಿಷ್ ವೈದ್ಯ ಜಾನ್ ಹ್ಯೂಲಿಂಗ್ಸ್ ಜ್ಯಾಕ್ಸನ್ ಅವರು ಹತ್ತೊಂಬತ್ತನೆಯ ಶತಮಾನದಲ್ಲೇ ಇದನ್ನು ಗಮನಿಸಿದ್ದರು. ಎಣಿಕೆ, ವಾರದ ಹೆಸರುಗಳು, ನಮಸ್ಕಾರ, ಕಂಠಪಾಠವಾದ ಪ್ರಾರ್ಥನೆ ಇವುಗಳಲ್ಲಿ ಒಂದೊಂದು ಪದವನ್ನೂ ಹೊಸದಾಗಿ ಆರಿಸಬೇಕಾಗಿಲ್ಲ. ಸಾವಿರಾರು ಸಲ ಹೇಳಿ ಹೇಳಿ ಇಡೀ ಸರಣಿಯೇ ಒಂದು ಘಟಕವಾಗಿದೆ. ಒಂದು ತುದಿ ಹಿಡಿದರೆ ಉಳಿದದ್ದು ತಾನಾಗಿ ಬರುತ್ತದೆ. "ನನಗೆ ಬೆನ್ನು ನೋಯುತ್ತಿದೆ" ಎಂಬ ಸಣ್ಣ ವಾಕ್ಯಕ್ಕಾದರೋ ಪ್ರತಿಯೊಂದು ಪದವನ್ನೂ ಪೈಪೋಟಿಯಲ್ಲಿ ಗೆಲ್ಲಿಸಿ ತರಬೇಕು.

ಆದ್ದರಿಂದ ರೋಗಿಯ ಪಕ್ಕದಲ್ಲಿ ಕುಳಿತು ಅವರಿಗೆ ಪರಿಚಿತವಾದ ಭಾಷೆಯಲ್ಲಿ, ನಿಧಾನವಾಗಿ ಪ್ರಾರ್ಥನೆ ಹೇಳುವುದು ಒಳ್ಳೆಯದು. ದಿನವಿಡೀ ಮಾತಿಗೆ ತಡಕಾಡುವವರಿಗೆ ಇತರರೊಡನೆ ಸಮನಾಗಿ ದನಿಗೂಡಿಸುವ ಹೊತ್ತು ಅದೊಂದೇ ಆಗಿರಬಹುದು. ಆದರೆ ಇದನ್ನೇ ತೋರಿಸಿ "ಹಾಗಾದರೆ ಮಾತನಾಡು ನೋಡೋಣ" ಎಂದು ಒತ್ತಾಯಿಸಬಾರದು.

ಭೇಟಿಗೆ ಹೋಗುವವರು ಗಮನಿಸಬೇಕಾದದ್ದು

ಮೇಲಿನ ವಿವರಣೆಯಿಂದ ಕೆಲವು ನಡೆಗಳು ತಾವಾಗಿಯೇ ಹೊರಡುತ್ತವೆ.

ಮೊದಲನೆಯದಾಗಿ, ಸಮಯ ಕೊಡಬೇಕು. ಕೊಡ ನಿಧಾನವಾಗಿ ತುಂಬುತ್ತಿದೆ. ಒಂದು ಪ್ರಶ್ನೆಗೆ ಉತ್ತರ ಬರುವ ಮೊದಲೇ ಎರಡನೆಯದನ್ನು ಕೇಳಿದರೆ ಬೇರೆ ಪದಗಳು ಎಚ್ಚರಗೊಂಡು ಪೈಪೋಟಿ ಹೆಚ್ಚುತ್ತದೆ. ಟಿವಿ ನಿಲ್ಲಿಸಿ, ಒಬ್ಬೊಬ್ಬರಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತನಾಡಬೇಕು. ದನಿ ಏರಿಸುವುದರಿಂದ ಪ್ರಯೋಜನವಿಲ್ಲ. ಅವರ ಕಿವಿಗೆ ಏನೂ ಆಗಿಲ್ಲ.

ಎರಡನೆಯದಾಗಿ, ಪದ ಸಿಗದೆ ತಡವರಿಸುವಾಗ ಅವರಿಗೆ ಒಪ್ಪಿಗೆಯಿದ್ದರೆ ಸುಳಿವು ಕೊಡಬಹುದು. ಮೊದಲ ಅಕ್ಷರವನ್ನು ಉಚ್ಚರಿಸಿದರೆ ಧ್ವನಿಯ ಕಡೆಯಿಂದ ಪದಕ್ಕೆ ಬಲ ಬರುತ್ತದೆ. "ಕುಡಿಯುವುದಕ್ಕಾ?", "ಅಡುಗೆಮನೆಯಲ್ಲಿ ಇರುತ್ತದಾ?" ಎಂದು ಕೇಳಿದರೆ ಅರ್ಥದ ಕಡೆಯಿಂದ ಬಲ ಬರುತ್ತದೆ. ಸ್ಪೀಚ್ ಥೆರಪಿಸ್ಟರು ಈ ಎರಡೂ ವಿಧಾನಗಳನ್ನು ಬಳಸುತ್ತಾರೆ. ಮಗುವಿಗೆ ಪಾಠ ಹೇಳಿಸುವ ದನಿಯಲ್ಲಿ ಮಾತ್ರ ಇದನ್ನು ಮಾಡಬಾರದು.

ಮೂರನೆಯದಾಗಿ, ಹೌದು ಅಥವಾ ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗಳನ್ನು ಕೇಳಬೇಕು. ತಲೆಯಾಡಿಸುವುದು, ಬೆರಳು ತೋರಿಸುವುದು, ಚಿತ್ರ, ಬರಹ ಎಲ್ಲವೂ ಮಾತೇ. ಕೆಲವರಿಗೆ "ಹೌದು", "ಅಲ್ಲ" ಕೂಡ ಅದಲುಬದಲಾಗುವುದರಿಂದ ಮುಖ್ಯ ವಿಷಯಗಳನ್ನು ಇನ್ನೊಂದು ರೀತಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಮನೆಯ ಹಿರಿಯರಾಗಿದ್ದವರು ಇಂದಿಗೂ ಹಿರಿಯರೇ. ಅವರಿಗೆ ಸಂಬಂಧಪಟ್ಟ ತೀರ್ಮಾನಗಳನ್ನು ಅವರನ್ನು ಕೇಳಿಯೇ ಮಾಡಬೇಕು.

ನಾಲ್ಕನೆಯದಾಗಿ, ಚಿಕಿತ್ಸೆ. "ಆದದ್ದು ಆಯಿತು" ಎಂದು ಬಿಡಬಾರದು. 2016ರಲ್ಲಿ ಪ್ರಕಟವಾದ ಕೊಕ್ರೇನ್ ವಿಮರ್ಶೆಯು 57 ಪ್ರಯೋಗಗಳನ್ನು ಪರಿಶೀಲಿಸಿ, ಪಾರ್ಶ್ವವಾಯುವಿನ ನಂತರದ ಅಫೇಸಿಯಾಕ್ಕೆ ಭಾಷಾ ಚಿಕಿತ್ಸೆಯಿಂದ ಪ್ರಯೋಜನವಿದೆ ಎಂಬ ತೀರ್ಮಾನಕ್ಕೆ ಬಂದಿದೆ. ಸುಧಾರಣೆ ಮೊದಲ ತಿಂಗಳುಗಳಲ್ಲಿ ಹೆಚ್ಚು. ಆದರೆ ವರ್ಷಗಳ ನಂತರವೂ ಆಗುವುದುಂಟು. ಬಳಸಿದ ದಾರಿ ಬಲವಾಗುತ್ತದೆ ಎಂಬುದು ಕೆಲವು ಮಾದರಿಗಳಲ್ಲಿ ಕಾಣುವ ಸಂಗತಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದೆ. ಮಂಗಳೂರಿನಲ್ಲಿ ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಗಳಲ್ಲೂ, ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲೂ, ಮಣಿಪಾಲದಲ್ಲೂ ವಾಕ್ ಮತ್ತು ಶ್ರವಣ ವಿಭಾಗಗಳಿವೆ.

ಮಾತು ಏಕಾಏಕಿ ತೊದಲಿದರೆ, ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಸೋತರೆ ಎಣ್ಣೆ ಹಚ್ಚುತ್ತಾ ಕುಳಿತುಕೊಳ್ಳದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ರಕ್ತದ ಗಡ್ಡೆಯನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ.

ಹೊಸ ಬೆಳವಣಿಗೆಗಳು

2021ರಲ್ಲಿ ಕ್ಯಾಲಿಫೋರ್ನಿಯಾದ ಡಾ. ಎಡ್ವರ್ಡ್ ಚಾಂಗ್ ಅವರ ತಂಡ, ಪಾರ್ಶ್ವವಾಯುವಿನಿಂದ ಮಾತು ನಿಂತಿದ್ದ ಒಬ್ಬ ವ್ಯಕ್ತಿಯ ಮಿದುಳಿನ ಮೇಲೆ ವಿದ್ಯುತ್ ತಟ್ಟೆಗಳನ್ನಿಟ್ಟು, ಆತ ಹೇಳಲು ಯತ್ನಿಸಿದ ಪದಗಳನ್ನು 50 ಪದಗಳ ಪಟ್ಟಿಯಿಂದ ಗುರುತಿಸಿ ತೆರೆಯ ಮೇಲೆ ಮೂಡಿಸಿತು. 2023ರಲ್ಲಿ ಅದೇ ತಂಡ ಇನ್ನೊಬ್ಬ ರೋಗಿಯಲ್ಲಿ ನಿಮಿಷಕ್ಕೆ ಸುಮಾರು 78 ಪದಗಳ ವೇಗ ಸಾಧಿಸಿತು. ಆದರೆ ಈ ಇಬ್ಬರಲ್ಲೂ ಭಾಷೆ ಕೆಟ್ಟಿರಲಿಲ್ಲ. ಮಿದುಳಿನಿಂದ ಬಾಯಿಗೆ ಹೋಗುವ ಆಜ್ಞೆ ಮಾತ್ರ ತಲುಪುತ್ತಿರಲಿಲ್ಲ. ಅಫೇಸಿಯಾದಲ್ಲಿ ಪದ ಆಯ್ಕೆಯೇ ಎಡವುವುದರಿಂದ ಅದಕ್ಕೆ ಇದನ್ನು ಹಾಗೆಯೇ ಬಳಸಲಾಗದು. ಪತ್ರಿಕೆಗಳಲ್ಲಿ ಇಂಥ ಸುದ್ದಿ ಓದಿ ನಿರೀಕ್ಷೆ ಇಟ್ಟುಕೊಳ್ಳುವ ಕುಟುಂಬಗಳು ಈ ವ್ಯತ್ಯಾಸವನ್ನು ತಿಳಿದಿರಬೇಕು.

ಮಾದರಿ ಎಂದರೆ ಮಿದುಳಲ್ಲ. ಕಂಪ್ಯೂಟರಿನ ತಪ್ಪು ರೋಗಿಯ ತಪ್ಪಿಗೆ ಹೋಲಿದ ಮಾತ್ರಕ್ಕೆ ಎರಡರ ಒಳಗೂ ಒಂದೇ ರೀತಿಯ ಕೆಲಸ ನಡೆಯುತ್ತಿದೆ ಎಂದು ಸಾಬೀತಾಗುವುದಿಲ್ಲ. ಆದರೂ ಬೇರೆ ಬೇರೆ ದೇಶಗಳ, ಪರಸ್ಪರ ವಾದ ಮಾಡುವ ವಿಜ್ಞಾನಿಗಳ ಕೆಲಸದಿಂದ ಒಂದು ಮಾತು ಗಟ್ಟಿಯಾಗಿದೆ: ಪದ ಹೊರಗೆ ಬಾರದಿರುವುದು ಒಳಗೆ ಏನೂ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಮುಂದಿನ ಸಲ ಅಂಥ ಮನೆಗೆ ಹೋದಾಗ ಕುರ್ಚಿಯನ್ನು ರೋಗಿಯ ಮುಖಕ್ಕೆ ಎದುರಾಗಿ ಹಾಕಿ ಕುಳಿತುಕೊಳ್ಳೋಣ. ಕುಶಲವನ್ನು ಮೊದಲು ಅವರನ್ನೇ ಕೇಳೋಣ, ಉತ್ತರಕ್ಕೆ ಕಾಯೋಣ. ಮನೆಯವರೊಡನೆ ಮಾತು ಆಮೇಲೆ ಇದ್ದೇ ಇದೆ.